ನಡುವೆ ಗಾಜಿಲ್ಲದ ಹುಣ್ಣಿಮೆ

ಕೂಗಬೇಕಾಗಿತ್ತು, ಅವನು ಕೂಗಲಿಲ್ಲ. ಶೂ ಅಂಗಡಿಯ ಮುಂಭಾಗಕ್ಕೆ ಕೂರಿಸಬೇಕಾದ ಆಳೆತ್ತರದ ಗಾಜನ್ನು ವ್ಯಾನಿನಿಂದ ಇಳಿಸಿ, ಮುಂದಿನ ಅಂಚನ್ನು ಅವನೂ ಹಿಂದಿನ ಅಂಚನ್ನು ಜೊತೆಗಾರ ಉದ್ದಣ್ಣನೂ ಹಿಡಿದುಕೊಂಡು ಫುಟ್‌ಪಾತ್ ದಾಟುತ್ತಿದ್ದರು. ಮುಂದಿರುವವರು ಕೂಗಬೇಕು, ಇದು ಗಾಜಿನ ಕೆಲಸದವರ ಮೊದಲ ಪಾಠ. 'ಗಾಜು ಬರ್ತಿದೆ, ದಾರಿ ಬಿಡಿ' ಎಂದು ಎದೆಯಿಂದ ಕೂಗಬೇಕು, ಯಾಕೆಂದರೆ ಗಾಜು ಒಳ್ಳೆಯದಾದಷ್ಟೂ ಕಣ್ಣಿಗೆ ಬೀಳುವುದಿಲ್ಲ, ಬೀದಿಯಲ್ಲಿ ಹೋಗುವವರಿಗೆ ಇಬ್ಬರು ಗಂಡಸರು ನಡುವೆ ಏನೂ ಇಲ್ಲದೆ ಸುಮ್ಮನೆ ಕೈಚಾಚಿಕೊಂಡು ನಡೆಯುತ್ತಿದ್ದಾರೆ ಅಂತಲೇ ಅನ್ನಿಸುತ್ತದೆ. ಇಪ್ಪತ್ತೆರಡು ವರ್ಷ ಕೂಗಿದ ಗಂಟಲು ಅವನದು. ಆ ಗಂಟಲೇ ಈಗ ಮಾತನ್ನು ಅರ್ಧದಲ್ಲಿ ತಡೆದು ನಿಲ್ಲಿಸಿತು. ಫೋನಿನಲ್ಲಿ ಮುಖ ಹುದುಗಿಸಿಕೊಂಡು ಬಂದ ಹೆಂಗಸೊಬ್ಬಳ ಹಣೆ ಇನ್ನೇನು ಗಾಜಿಗೆ ಬಡಿಯಬೇಕು, ಅಷ್ಟರಲ್ಲಿ ಹಿಂದಿನಿಂದ ಉದ್ದಣ್ಣ ಅರಚಿದ. ಹೆಂಗಸು ಬೆಚ್ಚಿಬಿದ್ದು, ಇಬ್ಬರನ್ನೂ ಬಾಯಿಗೆ ಬಂದ ಹಾಗೆ ಬೈದು ಹೋದಳು. ಬೈದದ್ದು ನ್ಯಾಯವಾಗಿಯೇ ಇತ್ತು.

"ಏನಯ್ಯಾ ಇದು?" ಗಾಜನ್ನು ಗೋಡೆಗೆ ಒರಗಿಸಿದ ಮೇಲೆ ಉದ್ದಣ್ಣ ಕೇಳಿದ. "ಒಂದು ತಿಂಗಳಿಂದ ನೋಡ್ತಾ ಇದೀನಿ, ಬಾಯಿಗೆ ಬೀಗ ಹಾಕ್ಕೊಂಡಿದೀಯ. ಕಾಲು ಮುರಿದಿದ್ದು ನಿನ್ನ ಹೆಂಡ್ತಿದು. ಗಂಟಲು ಯಾಕೆ ನಿಂದು ಹೋಯ್ತು?"

"ನೆಗಡಿ."

"ಒಂದು ತಿಂಗಳು ನೆಗಡಿನಾ? ಅದೇನು ನಿನ್ನ ಮೂಗಲ್ಲಿ ಬಾಡಿಗೆಗೆ ಇದೆಯಾ?"

ಅವನು ನಗಲಿಲ್ಲ. ಗಾಜಿನ ಅಂಚಿಗೆ ಮೆತ್ತುವ ಪುಟ್ಟಿಯ ಉಂಡೆಯನ್ನು ಅಂಗೈಯಲ್ಲಿ ನಾದುತ್ತ ಚೌಕಟ್ಟಿನ ಮೂಲೆಯನ್ನೇ ನೋಡುತ್ತಿದ್ದ. ಇವತ್ತು ಹುಣ್ಣಿಮೆ. ಪ್ರತಿ ಹುಣ್ಣಿಮೆಯ ಬೆಳಿಗ್ಗೆ ಟೀ ಲೋಟ ಕೈಗೆ ಕೊಡುತ್ತ ಅವಳು 'ಇವತ್ತು ಚಂದ್ರ ನೋಡೋಕೆ ಎಲ್ಲಿ?' ಅಂತ ಕೇಳುವುದು ರೂಢಿ. ಒಂಬತ್ತು ವರ್ಷದಲ್ಲಿ ಆ ಪ್ರಶ್ನೆ ತಪ್ಪಿರಲಿಲ್ಲ. ಇವತ್ತು ಟೀ ಮಾಡಿ ಕೊಟ್ಟವನು ಅವನು. ಮಂಚದಲ್ಲಿ ದಿಂಬಿಗೆ ಒರಗಿ ಕೂತ ಅವಳು ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕಿಟಕಿಯ ಕಡೆ ನೋಡಿದಳು, ಕೇಳಲಿಲ್ಲ. ಕ್ಯಾಲೆಂಡರು ಇಬ್ಬರ ಎದುರಿಗೇ ತೂಗುತ್ತಿತ್ತು. ಅದರ ಚೌಕದಲ್ಲಿ ಅಚ್ಚಾಗಿದ್ದ ದುಂಡನೆಯ ಗುರುತನ್ನು ಇಬ್ಬರೂ ನೋಡಿಯೂ ನೋಡದವರ ಹಾಗೆ ಇದ್ದರು. ಹೊರಡುವಾಗ ಅವಳು, "ಊಟದ ಡಬ್ಬಿ ತಗೊಂಡ್ರಾ?" ಅಂತ ಮಾತ್ರ ಕೇಳಿದಳು. ಆ ಸ್ವರ ಅವಳದಾಗಿರಲಿಲ್ಲ. ಯಾರೋ ಪಕ್ಕದ ಕೋಣೆಯಲ್ಲಿ ಮಾತಾಡಿದಷ್ಟು ಸಣ್ಣಗಿತ್ತು.

ಅವಳ ಸ್ವರದ ಬಗ್ಗೆ ಅವನಿಗೆ ಜಂಭವಿತ್ತು. ತನ್ನ ಕೈಕೆಲಸದ ಬಗ್ಗೆ ಇರುವುದಕ್ಕಿಂತ ಹೆಚ್ಚಿನ ಜಂಭ. ಅವಳು ಸಾರ್ವಜನಿಕ ಈಜುಕೊಳದಲ್ಲಿ ಈಜು ಕಲಿಸುವವಳು. ಅವಳನ್ನು ನೋಡುವ ಮೊದಲೇ ಅವನು ಅವಳನ್ನು ಕೇಳಿದ್ದ. ಕೊಳದ ಚಾವಣಿಯ ಬೆಳಕಿಂಡಿಗೆ ಗಾಜು ಹಾಕಲು ಏಣಿಯ ತುದಿಯಲ್ಲಿ ನಿಂತಿದ್ದಾಗ, ಐವತ್ತು ಮೀಟರ್ ನೀರನ್ನು ದಾಟಿಕೊಂಡು ಬಂದಿತ್ತು: 'ಏಣಿ ಮೇಲಿರೋರೆ! ಕೆಳಗೆ ಮಕ್ಕಳಿದ್ದಾರೆ, ಕಣ್ಣು ಕಾಣಲ್ವಾ?' ಏಣಿಯೇ ನಡುಗಿತ್ತು. ಕೆಳಗೆ ನೋಡಿದರೆ ಕುತ್ತಿಗೆಯಲ್ಲಿ ಸೀಟಿ ತೂಗುಹಾಕಿಕೊಂಡ ಒಂದು ಹೆಣ್ಣು. ಸೀಟಿಯನ್ನು ಅವಳು ಊದಿದ್ದನ್ನು ಅವನು ಇವತ್ತಿನವರೆಗೂ ಕಂಡಿಲ್ಲ, ಅಗತ್ಯ ಬೀಳಲಿಲ್ಲ. ಅವಳ ಕೈಯಲ್ಲಿ ಈಜು ಕಲಿತವರು ಬಸ್ಸಿನಲ್ಲಿ, ಅಂಗಡಿಯಲ್ಲಿ, ಆಸ್ಪತ್ರೆಯ ಸಾಲಿನಲ್ಲಿ ಸಿಗುತ್ತಾರೆ. ಮೀಸೆ ಬಂದವರು, ಮಕ್ಕಳಾದವರು. 'ಟೀಚರ್, ನಾನು ನೀರಿಗಿಳಿಯೋಕೆ ಹೆದರ್ತಿದ್ದೆ, ನೆನಪಿದೆಯಾ' ಅನ್ನುತ್ತಾರೆ. ಪಕ್ಕದಲ್ಲಿ ನಿಂತ ಅವನು ಆಗೆಲ್ಲ ಬೇರೆಲ್ಲೋ ನೋಡುವ ಹಾಗೆ ನಟಿಸುತ್ತ ಒಳಗೊಳಗೇ ಬೀಗುತ್ತಿದ್ದ. 'ಓಡಬೇಡಿ, ಜಾರತ್ತೆ' ಎಂದು ಹದಿನೈದು ವರ್ಷ ಮಕ್ಕಳಿಗೆ ಕೂಗಿದವಳು, ಮಳೆಗಾಲದ ಒಂದು ಮಧ್ಯಾಹ್ನ, ಒಬ್ಬ ಹುಡುಗಿ ಮುಳುಗುತ್ತಿರುವ ಹಾಗೆ ಕಂಡು ತಾನೇ ಓಡಿದಳು. ಹುಡುಗಿ ಮುಳುಗುತ್ತಿರಲಿಲ್ಲ, ಆಟವಾಡುತ್ತಿದ್ದಳು. ಜಾರಿ ಬಿದ್ದ ಇವಳ ತೊಡೆಯ ಮೂಳೆ ಎರಡು ಕಡೆ ಮುರಿದಿತ್ತು. ಒಳಗೆ ಕಂಬಿ ಹಾಕಿದರು, ಅದು ಸರಿಯಾಗಿ ಕೂರದೆ ಇನ್ನೊಮ್ಮೆ ಬಿಚ್ಚಿ ಹಾಕಿದರು. ಇನ್ನೂ ಮೂರು ತಿಂಗಳು ಎಡಗಾಲನ್ನು ನೆಲಕ್ಕೆ ಊರಬಾರದು ಎಂದರು ಡಾಕ್ಟರು. ಮನೆ ಮೂರನೇ ಮಹಡಿ, ಲಿಫ್ಟಿಲ್ಲ, ಐವತ್ತನಾಲ್ಕು ಮೆಟ್ಟಿಲು.

ಗಾಜು ಚೌಕಟ್ಟಿನಲ್ಲಿ ಕೂತಿತು. ಉದ್ದಣ್ಣ ಗಾಜಿನ ಅಂಚು ಹಿಡಿದಿಡುವ ಬೀಡಿಂಗ್ ಪಟ್ಟಿ ಬಡಿಯತೊಡಗಿದ. ಅಂಗಡಿಯವನು ಒಳಗಿನಿಂದ ಬಂದು, ಗಾಜು ಇದೆಯೋ ಇಲ್ಲವೋ ಎಂದು ಬೆರಳಿನಿಂದ ಮುಟ್ಟಿ ನೋಡಿ ತಲೆದೂಗಿದ. ಬೇರೆ ದಿನವಾಗಿದ್ದರೆ ಅಷ್ಟು ಸಾಕಿತ್ತು ಅವನಿಗೆ. ಮದುವೆಯಾದ ಹೊಸದರಲ್ಲಿ ತಮ್ಮ ಕೋಣೆಯ ಕಿಟಕಿಗೂ ಹೀಗೇ ಆರಡಿ ಅಗಲದ ಒಂದೇ ಗಾಜು ಹಾಕಿದ್ದ. ಎಲ್ಲೂ ಅಲೆಯಿಲ್ಲ, ಗುಳ್ಳೆಯಿಲ್ಲ, ಅವನ ಜೀವಮಾನದ ಅತ್ಯುತ್ತಮ ಗಾಜು. ಅದನ್ನು ಕೂರಿಸಿದ ಸಂಜೆ ಎದುರಿನ ಎರಡು ಕಟ್ಟಡಗಳ ಸಂದಿಯಲ್ಲಿ ಹುಣ್ಣಿಮೆಯ ಚಂದ್ರ ಬಂತು. ಅವನು ಅವಳ ಭುಜ ಹಿಡಿದು ತಂದು ನಿಲ್ಲಿಸಿ, ನೋಡು, ಅಂಚು ನೋಡು, ಎಲ್ಲಾದರೂ ಸೊಟ್ಟಗೆ ಕಾಣುತ್ತದೆಯಾ, ಮೂಲೆಯಿಂದ ನೋಡು, ಈಗ ಬಗ್ಗಿ ನೋಡು ಎಂದು ಕಾಲು ಗಂಟೆ ಕೊರೆದ. ಅವಳು ಎಲ್ಲವನ್ನೂ ಮಾಡಿ, "ನಿಮ್ಮ ಗಾಜು ತುಂಬಾ ಚೆನ್ನಾಗಿದೆ ರೀ. ಚಂದ್ರ ಮಾತ್ರ ಕಾಣಲಿಲ್ಲ," ಎಂದಳು. ಆಮೇಲೆ ಚಪ್ಪಲಿ ಮೆಟ್ಟಿಕೊಂಡು ಅವನ ಕೈ ಹಿಡಿದು ಎಳೆದುಕೊಂಡು ಮೆಟ್ಟಿಲಿಳಿದಳು. ಕಟ್ಟಡದ ಹಿಂದೆ ನೀರಿನ ಟ್ಯಾಂಕಿದೆ, ಅದರಾಚೆ ಹುಲ್ಲು ಬೆಳೆದ ಬಯಲು. ಅಲ್ಲಿ ನಿಂತು, "ಈಗ ನೋಡಿ. ನಡುವೆ ಗಾಜಿರಬಾರದು. ಗಾಜಿನಲ್ಲಿ ನೋಡಿದ್ದು ನೋಡಿದ ಹಾಗಲ್ಲ," ಎಂದಳು. ಗಾಜಿನವನಿಗೆ ಹೆಂಡತಿ ಹೇಳುವ ಮಾತೇ ಅದು? ಅವನಿಗೆ ಚುರುಕ್ಕೆಂದಿತು. ಆದರೆ ತಲೆಯೆತ್ತಿದಾಗ ಅವಳು ಹೇಳಿದ್ದು ಸರಿ ಎಂದು ಒಪ್ಪದೆ ವಿಧಿಯಿರಲಿಲ್ಲ.

ಅಂದಿನಿಂದ ಒಂದನ್ನೂ ಬಿಟ್ಟಿರಲಿಲ್ಲ. ಬೇಸಿಗೆಯಲ್ಲಿ ಚಂದ್ರ ಇಟ್ಟಿಗೆ ಭಟ್ಟಿಯ ಕಡೆಯಿಂದ ಧೂಳು ಮೆತ್ತಿಕೊಂಡು ಕೆಂಪಗೆ ಬರುತ್ತದೆ, ಮೇಲಕ್ಕೇರಲು ಮನಸ್ಸಿಲ್ಲದೆ ಮನೆಗಳ ಮಾಡಿನ ಮೇಲೆಯೇ ತೆವಳುತ್ತದೆ. ಚಳಿಗಾಲದಲ್ಲಿ ಅದೇ ಚಂದ್ರ ರೈಲು ಸೇತುವೆಯ ಕಡೆಯಿಂದ ಎದ್ದು, ನೋಡನೋಡುತ್ತಿದ್ದಂತೆ ನೆತ್ತಿಗೆ ಬಂದು ನಿಲ್ಲುತ್ತದೆ, ಕತ್ತು ನೋಯುತ್ತದೆ. ಇದನ್ನು ಅವರಿಗೆ ಯಾರೂ ಹೇಳಿರಲಿಲ್ಲ. ಎರಡು ವರ್ಷ ಹೊರಗೆ ನಿಂತು ನಿಂತು ತಾವೇ ಕಂಡುಕೊಂಡರು, ಪ್ರಪಂಚದಲ್ಲಿ ಮೊದಲು ಕಂಡವರು ತಾವೇ ಎಂಬಂತೆ ಮೆರೆದರು. ಚಳಿಗೆ ಒಂದೇ ಶಾಲಿನಲ್ಲಿ ಇಬ್ಬರೂ ಸುತ್ತಿಕೊಂಡು ಸೇತುವೆಯ ಮೇಲೆ ನಿಂತಿದ್ದಾಗ ರೈಲು ಬಂದು, ಡ್ರೈವರು ಸೀಟಿ ಊದಿ ಕೈಬೀಸಿದ್ದ. ಮಳೆಗಾಲದಲ್ಲಿ ಚಂದ್ರನೇ ಇರುವುದಿಲ್ಲ. ಆದರೂ ಹೋಗುತ್ತಿದ್ದರು. ಕೊಡೆ ಹಿಡಿದುಕೊಂಡು ಬಯಲಿನಲ್ಲಿ, ಕಪ್ಪು ಮೋಡಕ್ಕೆ ಮುಖ ಮಾಡಿ, ಅದರ ಹಿಂದೆ ಚಂದ್ರ ಎಷ್ಟು ಮೇಲಕ್ಕೆ ಬಂದಿರಬಹುದು ಎಂದು ಅವಳು ಬೆರಳಿನಿಂದ ತೋರಿಸುತ್ತಿದ್ದಳು. 'ಈಗ ಇಲ್ಲಿ. ಈಗ ಇಲ್ಲಿ.' ಒಮ್ಮೆ ಅವಳು ಬೆರಳಿಟ್ಟ ಕಡೆಯೇ ಮೋಡ ಹರಿದು ತುಂಡು ಚಂದ್ರ ಇಣುಕಿದಾಗ ಇಬ್ಬರೂ ಕೊಡೆ ಬಿಸಾಕಿ ಕುಣಿದುಬಿಟ್ಟಿದ್ದರು. ದಾರಿಯಲ್ಲಿ ಹೋಗುತ್ತಿದ್ದ ಯಾರೋ ನಿಂತು ನೋಡಿದರು. ನೋಡಲಿ ಬಿಡಿ ಎಂದಿದ್ದಳು ಅವಳು. ಜನ ನೋಡಿದರೆ ಕುಗ್ಗುವ ಪೈಕಿಯಲ್ಲ ತನ್ನ ಹೆಂಡತಿ ಎಂದು ಅವನು ನಂಬಿದ್ದ. ಆಸ್ಪತ್ರೆಯಲ್ಲಿದ್ದಾಗ ಬಂದ ಎರಡು ಹುಣ್ಣಿಮೆಯನ್ನೂ ಬಿಡಲಿಲ್ಲ, ನರ್ಸನ್ನು ಕಾಡಿ ಬೇಡಿ ಗಾಲಿಕುರ್ಚಿಯಲ್ಲಿ ಅಂಗಳಕ್ಕೆ ಬಂದಿದ್ದಳು, ಕೈಗೆ ಚುಚ್ಚಿದ ಸಲೈನಿನ ಬಾಟಲಿಯನ್ನು ಅವನು ಎತ್ತಿ ಹಿಡಿದಿದ್ದ. ಮನೆಗೆ ಕರೆತಂದಾಗ ಆಸ್ಪತ್ರೆಯವರೇ ಸ್ಟ್ರೆಚರಿನಲ್ಲಿ ಹೊತ್ತು ಮೇಲಕ್ಕೆ ತಂದರು. ಮಂಪರಿನಲ್ಲಿದ್ದ ಅವಳಿಗೆ ಮೆಟ್ಟಿಲು ಗೊತ್ತೇ ಆಗಲಿಲ್ಲ.

ಕಳೆದ ತಿಂಗಳ ಹುಣ್ಣಿಮೆಗೆ ಗೊತ್ತಾಯಿತು. ಎರಡನೇ ಮಹಡಿಯಲ್ಲಿರುವ, ಕರೆಂಟ್ ಮೀಟರ್ ಓದುವ ಕೆಲಸದವನು ಒಳ್ಳೆಯ ಮನುಷ್ಯ, ಅವಳನ್ನು ಕುರ್ಚಿ ಸಮೇತ ಇಳಿಸಲು ಕೇಳಿದ ಕೂಡಲೇ ಬಂದ. ಅವಳು ನೀಲಿ ಸ್ವೆಟರ್ ತೊಟ್ಟು, ತಲೆ ಬಾಚಿಕೊಂಡು, ಕೈಯಿರುವ ಕುರ್ಚಿಯಲ್ಲಿ ಕಾಲು ನೀಡಿ ಕೂತಿದ್ದಳು. ಮುಂದೆ ಅವನು, ಹಿಂದೆ ಮೀಟರಿನವನು. ಮೊದಲ ತಿರುವಿನಲ್ಲಿ ಕುರ್ಚಿಯನ್ನು ಓರೆ ಮಾಡಿ, ಎಡಕ್ಕೆ ಸ್ವಲ್ಪ ಎತ್ತಿ, ಗೋಡೆಗೆ ಒಂದು ಬೆರಳಿನಷ್ಟು ಜಾಗ ಬಿಟ್ಟು ಅವನು ತಿರುಗಿಸಿದ. ಎಷ್ಟು ನಯವಾಗಿ ತಿರುಗಿಸಿದೆ ಎಂದು ಆ ಕ್ಷಣದಲ್ಲಿ ತನ್ನನ್ನು ತಾನೇ ಮೆಚ್ಚಿಕೊಂಡದ್ದು ನೆನೆದರೆ ಈಗಲೂ ನಾಚಿಕೆಯಾಗುತ್ತದೆ. ಮೈ ಮರೆತಿತ್ತು, ಕೈಗೆ ಭಾರದ ಅಭ್ಯಾಸವಿತ್ತು, ಕಾಲಿಗೆ ಮೆಟ್ಟಿಲಿನ ಅಭ್ಯಾಸವಿತ್ತು, ಬಾಯಿ ತನ್ನ ಪಾಡಿಗೆ ತಾನು ತೆರೆದುಕೊಂಡಿತು. 'ಗಾಜು ಬರ್ತಿದೆ, ದಾರಿ ಬಿಡಿ!' ಮೆಟ್ಟಿಲ ಗೂಡು ತುಂಬ ಮೊಳಗಿತು. ಒಂದೊಂದೇ ಬಾಗಿಲು ತೆರೆಯಿತು. ಕೈಯಲ್ಲಿ ಸೌಟು ಹಿಡಿದವರು, ಮುಖಕ್ಕೆ ಸೋಪು ಹಚ್ಚಿದವರು, ಎಲ್ಲರೂ ಗಾಜಿಗೆ ದಾರಿ ಬಿಟ್ಟು ಗೋಡೆಗೆ ಅಂಟಿಕೊಂಡು ನಿಂತು ನೋಡಿದರೆ, ಬಂದದ್ದು ಕುರ್ಚಿಯಲ್ಲಿ ಕಾಲು ನೀಡಿದ ಟೀಚರ್. "ಅಯ್ಯೋ, ಇದು ಗಾಜಲ್ಲ, ಟೀಚರ್ರು!" ಎಂದಿತು ಯಾವುದೋ ಬಾಯಿ. ಒಬ್ಬರು ಕಿಸಕ್ಕೆಂದರು, ಆಮೇಲೆ ಎಲ್ಲರೂ ನಕ್ಕರು. ಕೆಟ್ಟ ನಗುವೇನಲ್ಲ. ಆದರೆ ಅವನೂ ನಕ್ಕ. ಕೂಗಿದ್ದು ಕೈತಪ್ಪಿ ಆದದ್ದು, ನಕ್ಕದ್ದು ಹಾಗಲ್ಲ. ಹತ್ತು ಜನರ ಎದುರು ಪೆದ್ದನಾಗದಿರಲು, ಅವಳ ಕಡೆಯವನಾಗಿರಬೇಕಾದವನು ಹತ್ತು ಜನರ ಕಡೆ ಸೇರಿಕೊಂಡ. ನಗುತ್ತಲೇ ಅವಳ ಮುಖ ನೋಡಿದ. ಕುರ್ಚಿಯ ಕೈಯನ್ನು ಬಿಗಿಯಾಗಿ ಹಿಡಿದಿದ್ದ ಅವಳು ನೇರವಾಗಿ ಮುಂದೆ ನೋಡುತ್ತಿದ್ದಳು. "ಸಾಕು," ಎಂದಳು. "ಮೇಲಕ್ಕೆ ಕರ್ಕೊಂಡು ಹೋಗಿ." ಸಣ್ಣ ಸ್ವರ. ಆ ಸಂಜೆ ಚಂದ್ರ ಅವನ ಗಾಜಿನಲ್ಲಿ ಒಂದಿಷ್ಟೂ ಸೊಟ್ಟಗಾಗದೆ ಬಂತು. ಅವಳು ಪರದೆ ಎಳೆಯಲು ಹೇಳಿ, "ಪರವಾಗಿಲ್ಲ ಬಿಡಿ," ಎಂದಳು. ಆ 'ಪರವಾಗಿಲ್ಲ' ಅವನ ಎದೆಯಲ್ಲಿ ಮುರಿದ ಗಾಜಿನ ಚೂರಿನ ಹಾಗೆ ಉಳಿದುಬಿಟ್ಟಿತು.

"ನಾನು ಹೊರಟೆ," ಎಂದ ಉದ್ದಣ್ಣನಿಗೆ. ಮೂರು ಗಂಟೆಯಾಗಿತ್ತು. ಮಿಕ್ಕ ಒರೆಸುವ ಕೆಲಸ ಉದ್ದಣ್ಣನೊಬ್ಬನೇ ಮಾಡಬಲ್ಲ. ಗಾಜಿಗೆ ಒತ್ತಿದರೆ ಕಚ್ಚಿಕೊಳ್ಳುವ ರಬ್ಬರಿನ ಹೀರುಹಿಡಿಗಳು, ಚಾಕು, ಉಳಿ, ಹಗ್ಗ, ಎಲ್ಲವನ್ನೂ ಚೀಲಕ್ಕೆ ತುಂಬುವಾಗ, ಗಾಜಿನ ಅಂಚಿಗೆ ಕಟ್ಟುವ ದಪ್ಪ ಉಣ್ಣೆಯ ಫೆಲ್ಟ್ ಪಟ್ಟಿ ಇವತ್ತೂ ಸಿಗಲಿಲ್ಲ. ಎರಡು ವಾರದಿಂದ ಕಾಣುತ್ತಿಲ್ಲ. ಒಂದು ಸಾಮಾನನ್ನೂ ಕಳೆದವನಲ್ಲ ಅವನು. ಕೂಗು ಹೋಯಿತು, ಈಗ ಸಾಮಾನು. ಕಸುಬೇ ಕೈಬಿಡುತ್ತಿದೆಯೇನೋ ಎಂದು ಬಸ್ಸಿನಲ್ಲಿ ಕೂತು ಯೋಚಿಸಿದ. ಆದರೆ ಮಾಡಬೇಕಾದ್ದು ಸ್ಪಷ್ಟವಿತ್ತು. ಅವಳನ್ನು ಹೊತ್ತು ಇಳಿಸಲು ಇನ್ನೊಮ್ಮೆ ಕೇಳುವ ಮುಖ ತನಗಿಲ್ಲ. ಬಯಲಿಗೆ ಅವಳು ಹೋಗಲಾರಳು. ಈ ತಿಂಗಳು ಚಂದ್ರ ಸಂದಿಯ ನಡುಮಧ್ಯದಲ್ಲಿ ಬರುತ್ತದೆ, ಅದು ಅವನಿಗೆ ಗೊತ್ತು. ನಡುವೆ ಗಾಜಿರಬಾರದು ತಾನೇ? ತೆಗೆದರಾಯಿತು. ತನ್ನ ಜೀವಮಾನದ ಅತ್ಯುತ್ತಮ ಗಾಜನ್ನು ತಾನೇ ಕೀಳಬೇಕು ಎಂದುಕೊಂಡಾಗ ಸಂಕಟದ ಜೊತೆಗೆ ಒಂದು ಬಗೆಯ ಹೆಮ್ಮೆಯೂ ಆಯಿತು.

ಕಟ್ಟಡದ ಬಾಗಿಲಲ್ಲಿ ಕೆಳಮನೆಯ ಅಜ್ಜಿ ಕುರ್ಚಿ ಹಾಕಿಕೊಂಡು ಕೂತಿದ್ದಳು. ಈ ಕಟ್ಟಡದಲ್ಲಿ ಅವಳ ಕಿವಿಗೆ ಬೀಳದ ಹೆಜ್ಜೆಯಿಲ್ಲ. "ಬೇಗ ಬಂದುಬಿಟ್ಟೆಯಲ್ಲಪ್ಪ," ಎಂದು ಒಂದು ಥರ ನಕ್ಕಳು. "ಇನ್ನೂ ಹೊತ್ತಿದೆಯಲ್ಲ." ಅವತ್ತಿನ ಘಟನೆಯನ್ನು ನೆನೆದು ಹಂಗಿಸುತ್ತಿದ್ದಾಳೆ ಎಂದೇ ಅವನಿಗೆ ಅನ್ನಿಸಿತು. ತಲೆ ತಗ್ಗಿಸಿ ಮೆಟ್ಟಿಲು ಹತ್ತಿದ. ತಲೆ ತಗ್ಗಿಸಿದ್ದರಿಂದಲೇ ಕಂಡದ್ದು, ಪ್ರತಿ ಮೆಟ್ಟಿಲಿನ ನಡುಭಾಗ ಒರೆಸಿದಂತೆ ನುಣ್ಣಗೆ ಹೊಳೆಯುತ್ತಿತ್ತು, ಎರಡೂ ಬದಿಯಲ್ಲಿ ಎಂದಿನ ಧೂಳು. ಗುಡಿಸುವವಳಿಗೆ ಇದ್ದಕ್ಕಿದ್ದಂತೆ ಏನು ಶ್ರದ್ಧೆ ಬಂತು ಎಂದುಕೊಂಡ. ಮೂರನೇ ಮಹಡಿಯ ಬಾಗಿಲು ತೆರೆದಾಗ ಅವಳು ಮಂಚದ ಮೇಲೆ ಏದುಸಿರು ಬಿಡುತ್ತ ಕೂತಿದ್ದಳು, ಹಣೆ ಬೆವರಿತ್ತು. "ಜ್ವರನಾ?" ಎಂದು ಕೈ ಹಿಡಿದ. ಅಂಗೈ ಒರಟಾಗಿತ್ತು, ಮೊದಲು ಹೀಗಿರಲಿಲ್ಲ. "ಊರುಗೋಲು ಹಿಡಿದು ಹಿಡಿದು," ಎಂದು ಅವಳು ಕೈ ಬಿಡಿಸಿಕೊಂಡಳು. "ಇಷ್ಟು ಬೇಗ ಯಾಕೆ ಬಂದ್ರಿ?"

ಅವನು ಚೀಲ ಬಿಚ್ಚಿದ. ಕಿಟಕಿಯ ಹೊರಗೆ ಬೀದಿಗೆ ಏನೂ ಬೀಳದಂತೆ ಹಗ್ಗ ಬಿಗಿದ. ಉಳಿಯಿಂದ ಬೀಡಿಂಗ್ ಪಟ್ಟಿಗಳನ್ನು ಒಂದೊಂದಾಗಿ ಎಬ್ಬಿಸಿದ, ಚಾಕುವಿನಿಂದ ಒಣಗಿದ ಪುಟ್ಟಿಯನ್ನು ಕೆರೆದ. ಹಕ್ಕಿಗಳು ಬಂದು ಬಡಿಯದಿರಲಿ ಎಂದು ಅವಳು ಗಾಜಿಗೆ ಅಂಟಿಸಿದ್ದ ಕೆಂಪು ಕಾಗದದ ಬೊಟ್ಟು ಇನ್ನೂ ಅಲ್ಲಿತ್ತು. ಅಷ್ಟು ಶುದ್ಧವಾದ ಗಾಜಿಗೆ ಬೊಟ್ಟು ಹಚ್ಚಿದಳಲ್ಲ ಎಂದು ಅವತ್ತು ಎರಡು ದಿನ ಮುಖ ಊದಿಸಿಕೊಂಡಿದ್ದ. ಅವಳು ಮಂಚದಿಂದಲೇ ನೋಡುತ್ತಿದ್ದಳು. ಅವನು ಹೀರುಹಿಡಿಗಳನ್ನು ಒತ್ತಿದಾಗ ಮಾತ್ರ, "ಒಬ್ಬರೇ ಎತ್ತಬೇಡಿ," ಎಂದಳು. ಎತ್ತಿದ. ಇಷ್ಟು ದೊಡ್ಡ ಗಾಜನ್ನು ಒಬ್ಬನೇ ಎತ್ತಬಾರದು, ಅದೂ ಕಸುಬಿನ ಪಾಠವೇ. ಸೊಂಟ ಹಿಡಿಯಿತು, ಆದರೆ ಅಂಚು ಎಲ್ಲೂ ತಾಗಲಿಲ್ಲ. ಗೋಡೆಗೆ ಒರಗಿಸಿ ತಿರುಗಿದಾಗ ಕೋಣೆಯೊಳಗೆ ಗಾಳಿ ಬಂದಿತ್ತು, ಕ್ಯಾಲೆಂಡರು ಪಟಪಟನೆ ಬಡಿದುಕೊಳ್ಳುತ್ತಿತ್ತು, ಬೀದಿಯ ಸೈಕಲ್ ಗಂಟೆ, ಯಾರದೋ ಕೆಮ್ಮು, ಎಲ್ಲವೂ ಮಂಚದ ತನಕ ಬಂದಿತ್ತು.

"ಈಗ ನಡುವೆ ಗಾಜಿಲ್ಲ," ಎಂದ. ಪರೀಕ್ಷೆಯಲ್ಲಿ ಉತ್ತರ ಒಪ್ಪಿಸಿದವನ ಹಾಗೆ ನಿಂತಿದ್ದ.

ಅವಳು ಆ ದೊಡ್ಡ ತೂತನ್ನೇ ನೋಡಿದಳು, ಗೋಡೆಗೆ ಒರಗಿದ್ದ ಗಾಜನ್ನು ನೋಡಿದಳು. ಆಮೇಲೆ ನಗತೊಡಗಿದಳು. ಒಂದು ತಿಂಗಳಲ್ಲಿ ಮೊದಲ ಸಲ. ನಗುತ್ತ ನಗುತ್ತ ಕಣ್ಣು ತುಂಬಿಕೊಂಡಿತು. "ಈ ಗಾಜನ್ನ ಕಿತ್ತುಬಿಟ್ರಾ? ನನಗೋಸ್ಕರ?"

"ಹೂಂ."

"ನನ್ನನ್ನ ಹೊರಗೆ ಕರ್ಕೊಂಡು ಹೋಗೋಕೆ ಆಗಲಿಲ್ಲ ಅಂತ ಹೊರಗನ್ನೇ ಎಳ್ಕೊಂಡು ಬಂದ್ರಾ!" ಸೆರಗಿನಿಂದ ಕಣ್ಣೊರೆಸಿಕೊಂಡಳು. "ಆದ್ರೂ ಇದು ಹೊರಗಲ್ಲ ರೀ. ನೋಡಿ, ತಲೆ ಮೇಲೆ ಚಾವಣಿ ಇದೆ."

ಅವನು ಕುಸಿದು ಮಂಚದ ತುದಿಯಲ್ಲಿ ಕೂತ. ಒಂದು ತಿಂಗಳಿನಿಂದ ಗಂಟಲಲ್ಲಿ ಕೂತಿದ್ದು ಈಗ ಹೊರಗೆ ಬಂತು. "ನಾನು ಅವತ್ತು ನಕ್ಕುಬಿಟ್ಟೆ."

"ಗೊತ್ತು. ನೋಡಿದೆ."

"ಕೂಗಿದ್ದು..."

"ಕೂಗಿದ್ದು ಬಿಡಿ. ನಿಮ್ಮ ಬಾಯಿಗೆ ಮೆಟ್ಟಿಲ ಮೇಲೆ ಬೇರೇನು ಬರತ್ತೆ? ಅದಕ್ಕೆ ನನಗೆ ಕೋಪ ಬರಲೇ ಇಲ್ಲ. ನಕ್ಕಿದ್ದಕ್ಕೆ ಬಂತು." ಅವಳು ಮುಲಾಜಿಲ್ಲದೆ ಹೇಳಿದಳು. "ಎರಡು ವಾರ ನಿಮ್ಮ ಮುಖ ನೋಡಿದ್ರೆ ಮೈ ಉರೀತಿತ್ತು. ಅಷ್ಟು ಜನರಲ್ಲಿ ನೀವೊಬ್ಬರು ನಗದೇ ಇದ್ದಿದ್ರೆ ನಾನೂ ನಕ್ಕುಬಿಡ್ತಿದ್ದೆ. ಆಮೇಲೆ ಬೇರೆ ಕೆಲಸ ಬಂತು, ಕೋಪ ಮಾಡ್ಕೊಳ್ಳೋಕೆ ಪುರುಸೊತ್ತಾಗಲಿಲ್ಲ."

"ಮಂಚದ ಮೇಲೆ ಏನು ಕೆಲಸ?"

ಅವಳು ದಿಂಬಿನ ಕೆಳಗಿನಿಂದ ತನ್ನ ಹಳೆಯ ಈಜುಕೊಳದ ಪ್ಯಾಂಟನ್ನು ಎಳೆದು ಅವನ ಮಡಿಲಿಗೆ ಹಾಕಿದಳು. ಹಿಂಭಾಗದಲ್ಲಿ ಎರಡು ಪದರ ಮಡಿಸಿ, ದಪ್ಪ ದಾರದಲ್ಲಿ ಅಡ್ಡಾದಿಡ್ಡಿ ಹೊಲಿದದ್ದು ಅವನ ಫೆಲ್ಟ್ ಪಟ್ಟಿ. ಉಣ್ಣೆಯೆಲ್ಲ ಸವೆದು, ಮೆಟ್ಟಿಲಿನ ಧೂಳು ಕುಡಿದು ಬೂದಿಬಣ್ಣಕ್ಕೆ ತಿರುಗಿತ್ತು. ಅವನು ಅದನ್ನು ತಿರುಗಿಸಿ ನೋಡಿದ, ಅವಳ ಅಂಗೈ ನೋಡಿದ. ನುಣ್ಣಗೆ ಹೊಳೆಯುವ ಐವತ್ತನಾಲ್ಕು ಮೆಟ್ಟಿಲುಗಳು ಕಣ್ಣ ಮುಂದೆ ಬಂದವು. ಗುಡಿಸುವವಳ ಶ್ರದ್ಧೆಯಾಗಿರಲಿಲ್ಲ ಅದು.

"ವ್ಯಾಯಾಮ ಕಲಿಸೋಕೆ ಬರ್ತಾರಲ್ಲ, ಅವರನ್ನ ಕೇಳಿದೆ. ಕೂತ್ಕೊಂಡು ಇಳೀಬಹುದು, ಕಾಲು ಮಾತ್ರ ಎತ್ತಿ ಹಿಡೀಬೇಕು ಅಂದ್ರು. ಮೊದಲ ದಿನ ಮೂರು ಮೆಟ್ಟಿಲಿಗೇ ಅಳು ಬಂತು. ನೀವು ಕೆಲಸಕ್ಕೆ ಹೋದ ಮೇಲೆ, ಮಧ್ಯಾಹ್ನ, ಯಾರೂ ಇಲ್ಲದಾಗ. ಕೆಳಮನೆ ಅಜ್ಜಿ ಮೆಟ್ಟಿಲ ಬುಡದಲ್ಲಿ ಕಾವಲು. ನಿನ್ನೆ ಪೂರ್ತಿ ಇಳಿದು ಪೂರ್ತಿ ಹತ್ತಿದೆ." ಸ್ವರ ದೊಡ್ಡದಾಗುತ್ತ ಬಂದದ್ದು ಅವಳಿಗೆ ಗೊತ್ತಾಗಲಿಲ್ಲ, ಅವನಿಗೆ ಗೊತ್ತಾಯಿತು. "ಬೆಳಿಗ್ಗೆನೇ ಹೇಳಿಬಿಟ್ರೆ ನೀವು ನಾಲ್ಕು ಜನರನ್ನ ಕರ್ಕೊಂಡು ಬಂದು ಹೊತ್ಕೊಂಡು ಹೋಗಿಬಿಡ್ತೀರ ಅಂತ ಸುಮ್ಮನಿದ್ದೆ. ಮಾರ್ಕೆಟ್ಟಿಗೆ ಹೋಗೋ ಮೂಟೆ ಅಲ್ಲ ನಾನು."

ಐದೂವರೆಗೆ ಹೊರಟರು. ಅವನು ಮುಂದೆ ಹೋಗಿ ಕೆಳಗಿನ ಮೆಟ್ಟಿಲಲ್ಲಿ ನಿಲ್ಲಹೊರಟರೆ, ಅವಳು ಒಪ್ಪಲಿಲ್ಲ. "ನೀವು ಹಿಂದೆ. ಊರುಗೋಲು ಹಿಡ್ಕೊಂಡು ಬನ್ನಿ. ಬಿದ್ದರೂ ಮುಟ್ಟಬಾರದು." ನೀಲಿ ಸ್ವೆಟರ್ ತೊಟ್ಟು, ಫೆಲ್ಟ್ ಹೊಲಿದ ಪ್ಯಾಂಟಿನಲ್ಲಿ ಅವಳು ಮೊದಲ ಮೆಟ್ಟಿಲ ಮೇಲೆ ಕೂತು, ಎಡಗಾಲನ್ನು ನೇರವಾಗಿ ಎತ್ತಿ, ಎರಡೂ ಅಂಗೈ ಊರಿ, ಮೈಯನ್ನು ಒಂದಿಷ್ಟು ತೇಲಿಸಿ ಕೆಳಗಿನ ಮೆಟ್ಟಿಲಿಗೆ ಇಳಿದಳು. ಮತ್ತೆ. ಮತ್ತೆ. ನೀರಿನಲ್ಲಿ ಮೈಯನ್ನು ಹಗುರ ಮಾಡಲು ಗೊತ್ತಿದ್ದವಳಿಗೆ ಮಾತ್ರ ಬರುವ ಇಳಿತ ಅದು. ಅವನ ಕೈ ಎರಡು ಸಲ ಮುಂದೆ ಹೋಗಿ ಹಿಂದೆ ಬಂತು. ಅವಳ ಕತ್ತಿನ ನರ ಉಬ್ಬಿದ್ದು ಕಾಣುತ್ತಿತ್ತು. ಮೊದಲ ತಿರುವಿನಲ್ಲಿ, ಅವತ್ತು ಅವನು ತನ್ನನ್ನು ತಾನು ಮೆಚ್ಚಿಕೊಂಡ ಅದೇ ತಿರುವಿನಲ್ಲಿ, ಅವಳು ಇಳಿಯುವುದನ್ನು ನಿಲ್ಲಿಸಿದಳು. ಕೆಳಗೆ ಎರಡನೇ ಮಹಡಿಯ ಬಾಗಿಲುಗಳೆಲ್ಲ ಮುಚ್ಚಿದ್ದವು, ಒಳಗೆ ಪಾತ್ರೆಯ ಸದ್ದು, ರೇಡಿಯೋ, ಕೆಲಸದಿಂದ ಮನೆಗೆ ಬಂದವರ ಮಾತು. ಸದ್ದಿಲ್ಲದೆ ದಾಟಿ ಹೋಗಬಹುದಿತ್ತು. ಸುಧಾರಿಸಿಕೊಳ್ಳುತ್ತಿದ್ದಾಳೆ ಎಂದುಕೊಂಡ ಅವನು. ಅವಳು ತಲೆ ಹಿಂದಕ್ಕೆ ವಾಲಿಸಿ ಅವನನ್ನು ನೋಡಿದಳು.

"ಮುಂದಿರೋರು ತಾನೇ ಕೂಗಬೇಕು?"

ಅವನಿಗೆ ಅರ್ಥವಾಗುವ ಮೊದಲೇ ಅವಳು ನೀರಿಗೆ ಹಾರುವ ಮುಂಚಿನ ಹಾಗೆ ಎದೆ ತುಂಬ ಉಸಿರೆಳೆದುಕೊಂಡಳು.

"ಗಾಜು ಬರ್ತಿದೆ, ದಾರಿ ಬಿಡಿ!"

ಐವತ್ತು ಮೀಟರ್ ನೀರು ದಾಟುವ ಸ್ವರ. ಮೆಟ್ಟಿಲ ಕಂಬಿ ಝಣಝಣಿಸಿತು. ಬಾಗಿಲುಗಳು ಒಂದರ ಹಿಂದೊಂದು ತೆರೆದವು. ಮೀಟರಿನವನು ಟವೆಲ್ಲಿನಲ್ಲೇ ಓಡಿಬಂದ. ಹಿಂದಿನ ಸಲ ಕಿಸಕ್ಕೆಂದವರೂ ಬಂದರು. ನೋಡಿದರು. ಕುರ್ಚಿಯಿಲ್ಲ, ಹೊತ್ತವರಿಲ್ಲ. ಟೀಚರ್ ಮೆಟ್ಟಿಲ ಮೇಲೆ ಕೂತು, ಕಾಲನ್ನು ಮುಂದಕ್ಕೆ ಚಾಚಿ, ಯಾರ ಮುಖವನ್ನೂ ಬಿಡದೆ ಒಂದೊಂದಾಗಿ ನೋಡುತ್ತಿದ್ದಾಳೆ. ಯಾರೂ ನಗಲಿಲ್ಲ. ಎಲ್ಲರೂ ಗೋಡೆಗೆ ಅಂಟಿಕೊಂಡು ದಾರಿ ಬಿಟ್ಟರು, ಯಾರೋ ಮೆಟ್ಟಿಲ ಮೇಲಿದ್ದ ಚಪ್ಪಲಿಗಳನ್ನು ಬಗ್ಗಿ ಬದಿಗೆ ಸರಿಸಿದರು. ಅವಳು ಕೈಯೂರಿ ಮುಂದಿನ ಮೆಟ್ಟಿಲಿಗೆ ಇಳಿದಳು. ಆಮೇಲೆ ಅವಳೇ ಮೊದಲು ನಕ್ಕಳು, "ಏನ್ರೀ, ಟವೆಲ್ಲಲ್ಲೇ ಬಂದುಬಿಟ್ರಾ?" ಎಂದು ಮೀಟರಿನವನನ್ನು ಕೇಳಿ. ಆಗ ಎಲ್ಲರೂ ನಕ್ಕರು. ಅವನೂ ನಕ್ಕ, ಈ ಸಲ ಅವಳ ಕಡೆಯಿಂದ. ಊರುಗೋಲು ಎರಡನ್ನೂ ಎದೆಗೆ ಆನಿಸಿಕೊಂಡು ಅವಳ ಹಿಂದೆ ಇಳಿಯುತ್ತ, ಎರಡೂ ಬದಿಯವರನ್ನು ನೋಡುತ್ತ, ಇವಳು ನನ್ನ ಹೆಂಡತಿ ಎಂದು ಪ್ರತಿಯೊಬ್ಬರಿಗೂ ಹೇಳಬೇಕೆನಿಸಿತು. ಅವರಿಗೆಲ್ಲ ಅದು ಗೊತ್ತಿದ್ದ ವಿಷಯವೇ ಆಗಿತ್ತು.

ಅವಳು ಮತ್ತೆರಡು ಸಲ ಕೂಗಿದಳು, ಅಗತ್ಯವಿರಲಿಲ್ಲ, ಖುಷಿಗೆ. ಬುಡದಲ್ಲಿ ಕೆಳಮನೆಯ ಅಜ್ಜಿ, "ನಿನ್ನೆಗಿಂತ ಬೇಗ ಬಂದೆಯಲ್ಲೇ," ಎಂದು ತನ್ನ ಕುರ್ಚಿ ಬಿಟ್ಟುಕೊಟ್ಟಳು. ಅವಳು ಕೂರಲಿಲ್ಲ. ಊರುಗೋಲು ಈಸಿಕೊಂಡು ಒಂದು ಕಾಲಿನಲ್ಲಿ ಎದ್ದು ನಿಂತು, ಟ್ಯಾಂಕಿನ ಪಕ್ಕದ ದಾರಿಯಲ್ಲಿ ಕುಪ್ಪಳಿಸುತ್ತ ನಡೆದಳು. ಹುಲ್ಲು ಮಳೆಗಾಲದ ಹಸಿರು ಕಳೆದು ತುದಿಯಲ್ಲಿ ಬಿಳಿಚಿಕೊಳ್ಳುತ್ತಿತ್ತು, ಗಾಳಿಗೆ ಮೊದಲ ಚಳಿಯ ಚುರುಕಿತ್ತು. ಬಯಲಿನ ಅಂಚಿನಲ್ಲಿ ನಿಂತರು. ಚಂದ್ರ ಇನ್ನೂ ಬಂದಿರಲಿಲ್ಲ, ಬರುವ ಕಡೆಯ ಆಕಾಶ ಮಾತ್ರ ಸಿದ್ಧವಾಗಿತ್ತು. ಅವಳು ಊರುಗೋಲಿನ ತುದಿಯಿಂದ ತೋರಿಸಿದಳು, "ಅಲ್ಲಿ." ಅಲ್ಲೇ ಬಂತು. ಮೊದಲು ಒಂದು ಅಂಚು, ಆಮೇಲೆ ಅರ್ಧ, ಆಮೇಲೆ ಇಡಿಯಾಗಿ, ಮಾಸಲು ಹಳದಿ, ಅಂಚು ಒಂದಿಷ್ಟು ಅದುರುತ್ತ. ಇಷ್ಟು ಸೊಟ್ಟಗೆ ಕಾಣಿಸುವ ಗಾಜನ್ನು ತಾನಾಗಿದ್ದರೆ ವಾಪಸು ಕಳಿಸುತ್ತಿದ್ದೆ ಎಂದುಕೊಂಡ. ಅವಳು ಅವನ ಭುಜಕ್ಕೆ ಒರಗಿದಳು. ಮುಟ್ಟಬಾರದು ಎಂದವಳೇ ಒರಗಿದಳು.

"ನಾಳೆ ಆ ಗಾಜು ಮತ್ತೆ ಕೂರಿಸಿಬಿಡಿ," ಎಂದಳು ಕೊನೆಗೆ. "ರಾತ್ರಿ ಚಳಿ ಹೊಡೆಯತ್ತೆ."

"ಹೂಂ. ಈಗ ಮೇಲೆ ಹೇಗೆ ಹೋಗ್ತೀಯ?"

"ಹೇಗೆ ಇಳಿದೆನೋ ಹಾಗೆ. ಕೂತ್ಕೊಂಡು, ಹಿಂದು ಹಿಂದಕ್ಕೆ. ಇಳಿಯೋದಕ್ಕಿಂತ ಜಾಸ್ತಿ ಹೊತ್ತು ಹಿಡಿಯತ್ತೆ." ಅವಳು ಚಂದ್ರನ ಮೇಲಿನ ಕಣ್ಣು ತೆಗೆಯದೆ ಹೇಳಿದಳು. "ಹತ್ತೋವಾಗ ನಾನು ಹಿಂದೆ, ನೀವು ಮುಂದೆ. ಕೂಗೋದು ನೀವು."

ಅವನು ಗಂಟಲು ಸರಿಮಾಡಿಕೊಂಡ.